ಅಪ್‌ಡೇಟ್: ಅಟ್ಟದಲ್ಲಿ ಸಿಕ್ಕ ತೂತಿನ ಬಟ್ಟಲು

ಅಜ್ಜಿ ಮನೆ ಅಟ್ಟದಲ್ಲಿ ಸಿಕ್ಕ ಮರದ ಬಟ್ಟಲು, ತಳದಲ್ಲಿ ಆರು ತೂತು, ಏನಿದು ಅಂತ ಹೋದ ವಾರ ಕೇಳಿದ್ದೆ. ಜಾಸ್ತಿ ಜನ ಶಾವಿಗೆ ಒತ್ತೋದು ಅಂದಿರಿ. ನಾನೂ ನಂಬಿದ್ದೆ.

ಅಲ್ಲ! ಅದು ಕೂರಿಗೆ ಬಟ್ಟಲು. ಕೂರಿಗೆ ಅಂದರೆ ಎತ್ತು ಕಟ್ಟಿ ಸಾಲಾಗಿ ಬೀಜ ಬಿತ್ತುವ ಸಲಕರಣೆ. ಚಿಕ್ಕಪ್ಪ ನೋಡಿದ ತಕ್ಷಣ ನಕ್ಕುಬಿಟ್ಟರು. ಪ್ರತಿ ತೂತಿಗೂ ಒಂದು ಬಿದಿರಿನ ಕೊಳವೆ, ಅದರ ಇನ್ನೊಂದು ತುದಿ ಕೂರಿಗೆಯ ತಾಳಿಗೆ, ಅಂದರೆ ನೆಲದಲ್ಲಿ ಸಾಲು ಸೀಳುವ ಹಲ್ಲಿಗೆ. ಎತ್ತು ಎಳೆಯುತ್ತಾ ಹೋದಂತೆ ಹಿಂದೆ ನಡೆಯುವವರು ಬಟ್ಟಲಿಗೆ ರಾಗಿ ಬಿಡುತ್ತಾರೆ. ಆರು ಸಾಲಿಗೂ ಒಟ್ಟಿಗೇ ಬೀಳುತ್ತದೆ. ಕೈ ಹದ ತಪ್ಪಿತೋ, ಒಂದು ಸಾಲು ದಟ್ಟ, ಪಕ್ಕದ್ದು ಬೋಳು. ಊರಿಗೆಲ್ಲ ಗೊತ್ತಾಗುತ್ತಿತ್ತಂತೆ!

ಕೊಳವೆಗಳು? ಎಂದೋ ಬಚ್ಚಲೊಲೆಗೆ ಹೋದವು.

ತೂತು ಇದೆಯಲ್ಲ, ಹೂಕುಂಡ ಮಾಡಿ ಅಂದವರಿಗೆ ಸಾರಿ. ಚಿಕ್ಕಪ್ಪ ವಾಪಸ್ ಇಸ್ಕೊಂಡರು.