ಸಿಹಿಗುಂಬಳದ ಮಿಡಿ ಉದುರುತ್ತಿದೆ, ಯೂರಿಯಾ ಹಾಕಲಾ?

ಪ್ರಶ್ನೆ (ಸಾಗರದ ಹತ್ತಿರದ ಹಳ್ಳಿಯಿಂದ): ನಮಸ್ತೆ ಮೇಡಂ. ಹಿತ್ತಲಲ್ಲಿ ಗೊಬ್ಬರಗುಂಡಿ ಪಕ್ಕ ಮೂರು ಚೀನಿಕಾಯಿ (ಸಿಹಿಗುಂಬಳ) ಬಳ್ಳಿ ಹಬ್ಬಿವೆ. ಎಲೆ ಮೊರದಗಲ ಇದೆ. ಹೂವೂ ಬೇಕಾದಷ್ಟು. ಆದರೆ ಮಿಡಿ ನಿಂಬೆಹಣ್ಣಿನಷ್ಟು ಆಗುವುದರೊಳಗೆ ಹಳದಿಯಾಗಿ ಉದುರುತ್ತದೆ. ಹುಳಕ್ಕೆ ಅಂತ ಬೆಳಿಗ್ಗೆ ಹೊತ್ತು ಎರಡು ಸಲ ಔಷಧಿ ಹೊಡೆದೆವು. ಇನ್ನು ಯೂರಿಯಾ ಹಾಕಲಾ?

ಉತ್ತರ (ತೋಟಗಾರಿಕೆ ತಜ್ಞೆ): ಯೂರಿಯಾ ಬೇಡವೇ ಬೇಡ. ಎಲೆ ನೋಡಿದರೆ ಯೂರಿಯಾ ಕೊಡುವ ಸಾರಜನಕ ಈಗಾಗಲೇ ಜಾಸ್ತಿಯಾಗಿದೆ.

ಉದುರಿದ ಒಂದು ಮಿಡಿಯನ್ನು ಮೊದಲು ಸೀಳಿ ನೋಡಿ. ಒಳಗೆ ಸಣ್ಣ ಬಿಳಿ ಹುಳ ಇದ್ದರೆ ಅದು ಹಣ್ಣುನೊಣದ ಕಾಟ. ಬಿದ್ದದ್ದನ್ನೆಲ್ಲ ಆರಿಸಿ ಆಳವಾಗಿ ಹೂಳಿ, ಕ್ಯೂ ಲ್ಯೂರ್ ಬಲೆ (ಗಂಡು ಹಣ್ಣುನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವಂಥದ್ದು) ಕಟ್ಟಿ. ಹುಳ ಇಲ್ಲ ಅಂದರೆ ಪರಾಗ ಸೇರಿಲ್ಲ ಅಂತಲೇ ನನ್ನ ಅನುಮಾನ.

ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿಗೆ ಅರಳುವ ಮೊದಲೇ ಬುಡದಲ್ಲಿ ಗುಂಡನೆಯ ಪುಟ್ಟ ಕಾಯಿ ಇರುತ್ತದೆ. ಪರಾಗ ಬೀಳದಿದ್ದರೆ ಅದೇ ಕೆಲವು ದಿನಕ್ಕೆ ಹಳದಿಯಾಗಿ ಬೀಳುತ್ತದೆ. ಈ ಪರಾಗ ಭಾರ, ಅಂಟಂಟು. ಗಾಳಿಗೆ ಹಾರುವುದಿಲ್ಲ, ಜೇನೇ ಹೊತ್ತು ತರಬೇಕು. ನೀವು ಔಷಧಿ ಹೊಡೆದದ್ದು ಸರಿಯಾಗಿ ಜೇನು ಬರುವ ಹೊತ್ತಿಗೆ! ಹೊಡೆಯಲೇಬೇಕಾದರೆ ಹೂವು ಮುಚ್ಚಿದ ಮೇಲೆ, ಸಂಜೆ ಹೊಡೆಯಿರಿ.

ಸದ್ಯಕ್ಕೆ ಆ ಕೆಲಸ ನೀವೇ ಮಾಡಿ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಹೋಗಿ. ಅವತ್ತೇ ಅರಳಿದ ಗಂಡು ಹೂವನ್ನು ತೊಟ್ಟು ಸಮೇತ ಕಿತ್ತು, ಎಸಳೆಲ್ಲ ಬಿಡಿಸಿ. ನಡುವಿನ ಕಡ್ಡಿ ಮುಟ್ಟಿದರೆ ಬೆರಳಿಗೆ ಅರಿಶಿನದಂಥ ಪುಡಿ ಹತ್ತಬೇಕು. ಅದನ್ನು ಹೆಣ್ಣು ಹೂವಿನೊಳಗಿನ ಗುಬುಟಿನ ಮೇಲೆ ಸುತ್ತಲೂ ಮೆತ್ತಗೆ ಸವರಿ. ಒಂದು ಕಡೆ ಮಾತ್ರ ತಾಗಿದರೆ ಕಾಯಿ ಸೊಟ್ಟಗಾಗಬಹುದು. ಹತ್ತು ಗಂಟೆ ಮೇಲೆ ಹೋದರೆ ಹೂವು ಮುದುಡಿರುತ್ತದೆ.

ಪ್ರಶ್ನೆ (ಧಾರವಾಡದಿಂದ): ಮೇಡಂ, ಹಿತ್ತಲಲ್ಲಿ ತಾನಾಗಿ ಹುಟ್ಟಿದ ಬಳ್ಳಿಯ ಕುಂಬಳಕಾಯಿ ಕಹಿ ಇದೆ. ಬೆಲ್ಲ ಜಾಸ್ತಿ ಹಾಕಿ ಗಾರಿಗೆ ಮಾಡಿದರೆ ನಡೆಯುತ್ತದಾ?

ಉತ್ತರ: ದಯವಿಟ್ಟು ಮಾಡಬೇಡಿ. ಆ ಕಹಿ ಕುಕುರ್ಬಿಟಾಸಿನ್ ಅನ್ನುವ ವಿಷದ್ದು. ಬೇಯಿಸಿದರೂ ಹೋಗುವುದಿಲ್ಲ, ಬೆಲ್ಲ ಹಾಕಿದರೆ ನಾಲಿಗೆಗೆ ಗೊತ್ತಾಗುವುದಿಲ್ಲ ಅಷ್ಟೇ. ವಾಂತಿ, ಭೇದಿ ಜೋರಾಗಿ ಹಿಡಿಯಬಹುದು. ಇಡೀ ಕಾಯಿ ಎಸೆಯಿರಿ, ಬೀಜವನ್ನೂ ಇಟ್ಟುಕೊಳ್ಳಬೇಡಿ. ಸೋರೆಕಾಯಿ, ಸೌತೆಕಾಯಿಗೂ ಇದೇ ಮಾತು. ಹೆಚ್ಚುವಾಗ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಉಗಿಯಿರಿ. ನಮ್ಮ ಅಜ್ಜಿ ಹಾಗೆ ನೋಡದೆ ಒಲೆ ಮೇಲೆ ಇಡುತ್ತಲೇ ಇರಲಿಲ್ಲ.

ಗಾರಿಗೆ ಒಳ್ಳೆಯ ಕಾಯಿಯಲ್ಲಿ ಮಾಡಿ. ತುರಿಯನ್ನು ಬೆಲ್ಲದ ಜೊತೆ ನೀರು ಇಂಗುವವರೆಗೆ ಬೇಯಿಸಿ. ನೀರು ಉಳಿದರೆ ಗೋಧಿಹಿಟ್ಟು ಸುಮ್ನೆ ಹೀರುತ್ತಾ ಹೋಗುತ್ತದೆ, ಗಾರಿಗೆ ಗಟ್ಟಿಯಾಗುತ್ತದೆ.

ಪ್ರಶ್ನೆ: ಅಪ್ಪನಿಗೆ ಸಕ್ಕರೆ ಕಾಯಿಲೆ. ಹೆಸರಲ್ಲೇ ಸಿಹಿ ಇದೆ ಅಲ್ವಾ, ಕೊಡಬಹುದಾ?

ಉತ್ತರ: ಮಿತವಾಗಿ ಪಲ್ಯ, ಹುಳಿ ಕೊಡಬಹುದು. 100 ಗ್ರಾಂ ಹಸಿ ಹೋಳಿನಲ್ಲಿ 90 ಗ್ರಾಂಗಿಂತ ಜಾಸ್ತಿ ನೀರೇ, ಸುಮಾರು 26 ಕ್ಯಾಲೊರಿ. ಪಲ್ಯಕ್ಕೆ ಬೆಲ್ಲ ಬೇಡ, ಅನ್ನ ಕಮ್ಮಿ ಬಡಿಸಿ. ಎಷ್ಟು ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ. ಒಗ್ಗರಣೆಯ ಎಣ್ಣೆ ಪೂರ್ತಿ ಬಿಡಬೇಡಿ. ಆ ಕೇಸರಿ ಬಣ್ಣದ ಬೀಟಾ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಅಂಶ) ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಬೀಜ ಒಣಗಿಸಿ ಹುರಿದಿಡಿ. ಅದರಲ್ಲಿ ಪ್ರೋಟೀನ್, ಮೆಗ್ನೀಸಿಯಂ ಚೆನ್ನಾಗಿದೆ. ಆದರೆ ಕೊಬ್ಬೂ ಇದೆ, ಒಂದು ಚಮಚ ಸಾಕು.

ಮೊದಲು ಕೇಳಿದವರು (ಹತ್ತು ದಿನದ ಮೇಲೆ): ಮೇಡಂ, ಮಿಡಿ ಸೀಳಿದರೆ ಹುಳ ಇರಲಿಲ್ಲ. ಐದು ಹೂವಿಗೆ ಸವರಿದೆ, ಮೂರು ಕಾಯಿ ಕಚ್ಚಿವೆ! ಒಂದು ಆಗಲೇ ತೆಂಗಿನಕಾಯಿಯಷ್ಟಾಗಿದೆ. ಕೀಳುವುದು ಯಾವಾಗ?

ಉತ್ತರ: ತುಂಬಾ ಖುಷಿಯಾಯಿತು! ಕೆಳಗೆ ಒಣಹುಲ್ಲು ಹಾಸಿ, ಮಣ್ಣಿನ ತೇವಕ್ಕೆ ಕೊಳೆಯದ ಹಾಗೆ. ತೊಟ್ಟು ಒಣಗಿ ಬೆಂಡಿನ ಹಾಗೆ ಆಗಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಎರಡು ಇಂಚು ತೊಟ್ಟು ಬಿಟ್ಟು ಕೊಯ್ಯಿರಿ. ತೊಟ್ಟು ಹಿಡಿದು ಎತ್ತಬೇಡಿ, ಅದು ಕಿತ್ತರೆ ಅಲ್ಲಿಂದಲೇ ಕೊಳೆಯುತ್ತದೆ. ಗಾಯವಾಗದ ಕಾಯಿ ಗಾಳಿಯಾಡುವ ಅಟ್ಟದಲ್ಲಿ ತಿಂಗಳುಗಟ್ಟಲೆ ಇರುತ್ತದೆ.