ಇಮೇಲ್ ಮೇಲೆ ಇಂಡೆಕ್ಸ್ ಇದ್ರೂ ಲಾಗಿನ್ ಸಿಕ್ಕಾಪಟ್ಟೆ ನಿಧಾನ, ಯಾಕೆ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಮ್ಮ ಐಡೆಂಟಿಟಿ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಓಡ್ತಿದೆ, ಯೂಸರ್ ಟೇಬಲ್‌ನಲ್ಲಿ ಸುಮಾರು 6 ಲಕ್ಷ ಸಾಲು. ಯೂಸರ್‌ಗಳು ಹೆಚ್ಚಾದಂಗೆಲ್ಲ ಲಾಗಿನ್ ನಿಧಾನ ಆಗ್ತಾ ಬಂತು, ಈಗ ಬೆಳಗ್ಗೆ ಎಲ್ರೂ ಒಟ್ಟಿಗೆ ಬರೋ ಹೊತ್ತಿಗೆ ಡೇಟಾಬೇಸ್ ಸಿಪಿಯು 100% ಮುಟ್ಟಿ ಕೆಲವ್ರಿಗೆ ಟೈಮ್‌ಔಟೇ ಆಗ್ತಿದೆ. ಇಮೇಲ್ ಕಾಲಂಗೆ ಇಂಡೆಕ್ಸ್ (ಸಾಲು ಬೇಗ ಹುಡ್ಕೋಕೆ ಇಡೋ ಪಟ್ಟಿ) ಇದೆ, ಕಣ್ಣಾರೆ ನೋಡಿದೀನಿ. ರ‍್ಯಾಮ್ ಡಬಲ್ ಮಾಡಿದ್ವಿ, ಪ್ರಯೋಜನ ಇಲ್ಲ. ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ತೆರೆದಿಡೋ ಸಂಪರ್ಕಗಳ ಗುಂಪು) ದೊಡ್ಡದು ಮಾಡಿದ್ಮೇಲಂತೂ ಇನ್ನೂ ಹದಗೆಡ್ತು.

ಉತ್ತರ:
ಪೂಲ್ ಮೊದ್ಲಿನಷ್ಟಕ್ಕೇ ಇಳಿಸಿಬಿಡಿ, ಸಿಪಿಯು ತುಂಬಿರೋವಾಗ ಇನ್ನಷ್ಟು ಕ್ವೆರಿ ಒಳಗೆ ಬಿಟ್ರೆ ಎಲ್ಲವೂ ನಿಧಾನ ಆಗುತ್ತೆ. ಆಮೇಲೆ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ ಸಾಫ್ಟ್‌ವೇರ್ ನಿಜವಾಗ್ಲೂ ಕಳಿಸ್ತಿರೋ ಕ್ವೆರಿ ಹಿಡೀರಿ. ನೀವು ಊಹಿಸ್ಕೊಂಡು ಬರೆದದ್ದು ಬೇಡ. ಅದಕ್ಕೇ ಎಕ್ಸ್‌ಪ್ಲೇನ್ ಅನಲೈಜ್ (ಕ್ವೆರಿ ಹೇಗೆ ಓಡಿತು, ಎಷ್ಟು ಹೊತ್ತಾಯ್ತು ಅಂತ ತೋರ್ಸೋ ಕಮಾಂಡ್) ಹಾಕಿ ಏನ್ ಬರುತ್ತೆ ಹೇಳಿ.

ಪ್ರಶ್ನೆ ಕೇಳಿದವರು:
ಹಾಕಿದೆ ಸರ್. ಸೀಕ್ವೆನ್ಷಿಯಲ್ ಸ್ಕ್ಯಾನ್ (ಟೇಬಲ್‌ನ ಸಾಲುಸಾಲಾಗಿ ಓದೋದು) ಅಂತಿದೆ, ಫಿಲ್ಟರ್‌ನಲ್ಲಿ ಬಿದ್ದುಹೋದ ಸಾಲು 6 ಲಕ್ಷದ ಹತ್ರ, ಒಂದ್ ಸಲಕ್ಕೆ 400 ಮಿಲಿಸೆಕೆಂಡ್. ಕ್ವೆರಿಲಿ ಇಮೇಲ್‌ನ ಲೋವರ್ ಫಂಕ್ಷನ್ ಒಳಗೆ ಹಾಕಿ ಹೋಲಿಸ್ತಿದೆ.

ಉತ್ತರ:
ಸಿಕ್ತಲ್ಲ! ನಿಮ್ಮ ಇಂಡೆಕ್ಸ್‌ನಲ್ಲಿರೋದು ಇಮೇಲ್ ಹೇಗೆ ಟೈಪಾಗಿದ್ಯೋ ಹಾಗೇ, ಕ್ವೆರಿ ಕೇಳ್ತಿರೋದು ಸಣ್ಣಕ್ಷರಕ್ಕೆ ತಿರುಗಿಸಿದ ರೂಪ, ಹಾಗಾಗಿ ಪೋಸ್ಟ್‌ಗ್ರೆಸ್‌ಗೆ ಆ ಇಂಡೆಕ್ಸ್ ಕೆಲ್ಸಕ್ಕೆ ಬರಲ್ಲ, ಪ್ರತಿ ಲಾಗಿನ್‌ಗೂ ಇಡೀ ಟೇಬಲ್ ಓದಿ ಒಂದೊಂದನ್ನೂ ತಿರುಗಿಸಿ ನೋಡುತ್ತೆ. ಲೋವರ್ ಹಾಕಿದ ಇಮೇಲ್ ಮೇಲೇ ಒಂದು ಎಕ್ಸ್‌ಪ್ರೆಶನ್ ಇಂಡೆಕ್ಸ್ (ಕಾಲಂ ಬದಲು ಫಂಕ್ಷನ್‌ನ ಫಲಿತಾಂಶದ ಇಂಡೆಕ್ಸ್) ಮಾಡಿ.

ಆದ್ರೆ ದಯವಿಟ್ಟು ಕ್ರಿಯೇಟ್ ಇಂಡೆಕ್ಸ್ ಕಮಾಂಡ್‌ಗೆ ಕನ್‌ಕರೆಂಟ್ಲಿ (ಬರೆಯೋದನ್ನ ತಡೆಯದೆ ಇಂಡೆಕ್ಸ್ ಮಾಡೋ ಆಯ್ಕೆ) ಸೇರಿಸಿಯೇ ಮಾಡಿ. ಸಾದಾ ಕ್ರಿಯೇಟ್ ಇಂಡೆಕ್ಸ್ ಮುಗಿಯೋವರ್ಗೂ ಆ ಟೇಬಲ್‌ಗೆ ಬರೆಯೋದನ್ನ ತಡೆಯುತ್ತೆ, ನಿಮ್ಮ ಸಾಫ್ಟ್‌ವೇರ್ ಕೊನೇ ಲಾಗಿನ್ ಸಮಯನ ಅದೇ ಟೇಬಲ್‌ನಲ್ಲಿ ಬರೀತಿದ್ರೆ ಅಷ್ಟೂ ಹೊತ್ತು ಯಾರಿಗೂ ಲಾಗಿನ್ ಆಗಲ್ಲ. ಕನ್‌ಕರೆಂಟ್ಲಿ ಟ್ರಾನ್ಸಾಕ್ಷನ್ ಬ್ಲಾಕ್ ಒಳಗೆ ಓಡಲ್ಲ, ಮೈಗ್ರೇಶನ್ ಟೂಲ್ (ಡೇಟಾಬೇಸ್ ಬದಲಾವಣೆ ಓಡಿಸೋ ಸಾಧನ) ಮೂಲಕ ಹಾಕೋದಾದ್ರೆ ಅದು ನೋಡ್ಕೊಳ್ಳಿ. ಮಧ್ಯದಲ್ಲಿ ಫೇಲ್ ಆದ್ರೆ ಇನ್‌ವ್ಯಾಲಿಡ್ ಇಂಡೆಕ್ಸ್ ಒಂದು ಉಳ್ಕೊಳ್ಳುತ್ತೆ, ಅದನ್ನ ಡ್ರಾಪ್ ಮಾಡಿ ಮತ್ತೆ ಮಾಡ್ಬೇಕು. ಮುಗಿದ್ಮೇಲೆ ಟೇಬಲ್‌ಗೆ ಅನಲೈಜ್ ಓಡಿಸಿ, ಎಕ್ಸ್‌ಪ್ರೆಶನ್‌ನ ಅಂಕಿಅಂಶ ಆವಾಗ್ಲೇ ಸಿಗೋದು.

ಪ್ರಶ್ನೆ ಕೇಳಿದವರು:
ಸರ್, 400 ಇದ್ದದ್ದು 1 ಮಿಲಿಸೆಕೆಂಡ್‌ಗೂ ಕಮ್ಮಿ ಆಯ್ತು!! ಎರಡು ವಾರದಿಂದ ಒದ್ದಾಡ್ತಿದ್ವಿ, ತುಂಬಾ ಥ್ಯಾಂಕ್ಸ್. ಆದ್ರೆ ಅಡ್ಮಿನ್ ಪೇಜ್‌ನಲ್ಲಿ ಇಮೇಲ್‌ನ ಮಧ್ಯದ ಯಾವುದೋ ತುಂಡು ಹಾಕಿ ಹುಡುಕಿದ್ರೆ ಇನ್ನೂ ಹಂಗೇ ನಿಧಾನ.

ಇನ್ನೊಬ್ಬರ ಉತ್ತರ:
ಅದು ಬೇರೆ ಸಮಸ್ಯೆ. ಎರಡೂ ಕಡೆ ಪರ್ಸೆಂಟ್ ಗುರುತು ಇರೋ ಲೈಕ್ ಹುಡುಕಾಟಕ್ಕೆ ಬಿ-ಟ್ರೀ ಇಂಡೆಕ್ಸ್ (ನೀವು ಮಾಡಿದ ಮಾಮೂಲಿ ಬಗೆ) ಆಗಲ್ಲ, ಶುರು ಯಾವ ಅಕ್ಷರ ಅಂತ್ಲೇ ಗೊತ್ತಿಲ್ದಿರೋವಾಗ ಎಲ್ಲಿಂದ ಹುಡ್ಕೋದು? ಪಿಜಿ ಟ್ರೈಗ್ರಾಂ ಎಕ್ಸ್‌ಟೆನ್ಷನ್ ಹಾಕಿ, ಅದೇ ಲೋವರ್ ಎಕ್ಸ್‌ಪ್ರೆಶನ್ ಮೇಲೆ ಜಿನ್ ಅನ್ನೋ ಇನ್ನೊಂದು ಬಗೆಯ ಇಂಡೆಕ್ಸ್ ಮಾಡಿ. ಪೋಸ್ಟ್‌ಗ್ರೆಸ್ 13ರಿಂದ ಈ ಎಕ್ಸ್‌ಟೆನ್ಷನ್‌ಗೆ ಸೂಪರ್‌ಯೂಸರ್ ಬೇಕಿಲ್ಲ, ಡೇಟಾಬೇಸ್ ಮೇಲೆ ಕ್ರಿಯೇಟ್ ಹಕ್ಕಿದ್ರೆ ಸಾಕು. ಅದು ಮೂರು ಮೂರು ಅಕ್ಷರದ ತುಂಡು ಮಾಡಿ ಇಟ್ಕೊಳ್ಳೋದ್ರಿಂದ ಒಂದೆರಡು ಅಕ್ಷರ ಹಾಕಿ ಹುಡುಕಿದ್ರೆ ಉಪಯೋಗ ಇಲ್ಲ, ಸರ್ಚ್ ಬಾಕ್ಸ್‌ಗೆ ಕನಿಷ್ಠ 3 ಅಕ್ಷರ ಅಂತ ಇಡಿ.

ಪ್ರಶ್ನೆ ಕೇಳಿದವರು:
ಅದೂ ಸರಿಹೋಯ್ತು. ಇನ್ನೊಂದೇ ಒಂದು, ಲೋವರ್ ಇಂಡೆಕ್ಸ್‌ನ ಯುನೀಕ್ (ಒಂದೇ ಇಮೇಲ್ ಎರಡು ಸಲ ಬರದಂಗೆ) ಮಾಡೋಣ ಅಂತ ಹೋದ್ರೆ ಡುಪ್ಲಿಕೇಟ್ ಇದೆ ಅಂತ ಎರರ್ ಬಂತು.

ಉತ್ತರ:
ಇದನ್ನ ಮಾತ್ರ ಹಗುರವಾಗಿ ತಗೋಬೇಡಿ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸದಲ್ಲಿ ಒಂದೇ ಇಮೇಲ್‌ಗೆ ಎರಡು ಅಕೌಂಟ್ ಇದೆ ಅಂತ ಅರ್ಥ, ಪಾಸ್‌ವರ್ಡ್ ರೀಸೆಟ್ ಕೇಳಿದ್ರೆ ಯಾವ ಅಕೌಂಟ್ ಸಿಗುತ್ತೋ ಹೇಳಕ್ಕಾಗಲ್ಲ. ಲೋವರ್ ಇಮೇಲ್ ಪ್ರಕಾರ ಗ್ರೂಪ್ ಮಾಡಿ ಒಂದಕ್ಕಿಂತ ಹೆಚ್ಚಿರೋದನ್ನ ಪಟ್ಟಿ ಮಾಡಿ. ಸ್ಕ್ರಿಪ್ಟ್ ಬರೆದು ಒಟ್ಟಿಗೆ ಸೇರಿಸಿಬಿಡಬೇಡಿ, ಒಂದರಲ್ಲಿ ಅಡ್ಮಿನ್ ರೋಲ್ ಇದ್ರೆ ಅದು ತಪ್ಪು ಕೈಗೆ ಹೋಗ್ಬಹುದು. ಪ್ರತಿಯೊಂದರ ಕೊನೇ ಲಾಗಿನ್, ರೋಲ್ ನೋಡಿ, ಯೂಸರ್ ಹತ್ರ ದೃಢಪಡಿಸ್ಕೊಂಡು, ಉಳಿದದ್ದನ್ನ ಡಿಸೇಬಲ್ ಮಾಡಿ ಅದರ ಇಮೇಲ್ ಬದಲಿಸಿ. ಬರೀ ಡಿಸೇಬಲ್ ಮಾಡಿ ಅದೇ ಇಮೇಲ್ ಬಿಟ್ರೆ ಯುನೀಕ್ ಇಂಡೆಕ್ಸ್ ಒಪ್ಪಲ್ಲ.