ಬೀದಿ ಪ್ರಚಾರ ಬೇಕಾ, ಬೇಡ್ವಾ?

ನಿಟುವಳ್ಳಿ ಕಿರಾಣಿ: ದಾವಣಗೆರೆಯಲ್ಲಿ ಕಳೆದ ಲೋಕಸಭೆ ಮತದಾನ 2024ರ ಮೇ 7ಕ್ಕಿತ್ತು. ಅದಕ್ಕೆ ಮುಂಚೆ ವಾರಗಟ್ಟಲೆ ಆಟೋ ಮೇಲೆ ಮೈಕು, ಅದೂ ನನ್ನ ಅಂಗಡಿ ಎದುರೇ. ಗಿರಾಕಿ ಅರ್ಧ ಕೆಜಿ ಅಂದರೋ ಒಂದು ಕೆಜಿ ಅಂದರೋ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಗಳು ಸಿಇಟಿಗೆ ಓದುತ್ತಿದ್ದಳು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹೇಳೋದನ್ನು ಅದರಲ್ಲೇ ಹೇಳಲಿ. ಬೀದಿ ಪ್ರಚಾರ ನಿಲ್ಲಿಸಿದರೆ ಯಾರಿಗೆ ನಷ್ಟ?

ನಾಲೆ ಕೊನೆಭಾಗದ ರೈತ: ನಮಗೆ ನಷ್ಟ ಅಣ್ಣ. ಮೊಬೈಲಿನಲ್ಲಿ ಅವರು ಹೇಳ್ತಾರೆ, ನಾವು ಕೇಳಿಸಿಕೊಳ್ತೀವಿ ಅಷ್ಟೇ. ನಮ್ಮ ಮಾತು ಅವರ ಕಿವಿಗೆ ಹೋಗೋದು ಯಾವಾಗ?

ಆ ಬೇಸಿಗೆ ಭದ್ರಾ ನೀರು ನಮ್ಮ ತೂಬಿನ ತನಕ ಬರಲಿಲ್ಲ. ಪ್ರಚಾರಕ್ಕೆ ಒಬ್ಬ ಅಭ್ಯರ್ಥಿ ಬಂದು ಗುಡಿ ಕಟ್ಟೆ ಹತ್ತಿರ ಜೀಪು ನಿಲ್ಲಿಸಿ ಭಾಷಣ ಶುರು ಮಾಡಿದರು. ನಮ್ಮ ಓಣಿ ಅಜ್ಜಿ ಒಬ್ಬರು ಒಣಗಿದ ಭತ್ತದ ಪೈರನ್ನು ಬೇರು ಸಮೇತ ಕಿತ್ತು ತಂದಿದ್ದರು. ಅದನ್ನು ಜೀಪಿನ ಬಾನೆಟ್ ಮೇಲೆ ಇಟ್ಟು, "ಇದಕ್ಕೇನು ಹೇಳ್ತೀಯಪ್ಪಾ?" ಅಂದರು. ಬೇರಿನ ಮಣ್ಣು ಉದುರಿ ಬಾನೆಟ್ ತುಂಬಾ ಹರಡಿತು. ಭಾಷಣ ಅಲ್ಲಿಗೇ ನಿಂತಿತು. ಇದು ಎಷ್ಟನೇ ತೂಬು, ಎಷ್ಟು ಎಕರೆ ಅಂತ ಕೇಳಿ ಬರೆಸಿಕೊಂಡರು. ಆ ಬೆಳೆ ಉಳಿಯಲಿಲ್ಲ, ನಿಜ. ಆದರೆ ಮುಂದಿನ ಊರಿನಲ್ಲಿ ಅವರೇ ಕೊನೆಭಾಗದ ನೀರಿನ ಮಾತು ಎತ್ತಿದರು. ಆ ದಿನ ಅವರು ಬರದೇ ಇದ್ದಿದ್ದರೆ ಅಜ್ಜಿ ಯಾರ ಮುಂದೆ ಆ ಪೈರು ಇಡಬೇಕಿತ್ತು?

ಕೋಟೆ ಊರಿನವಳು: ಚಿತ್ರದುರ್ಗದ ಕಡೆ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯದೇ ಮಾತು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಅಂತ ಘೋಷಣೆ ಆಯಿತು. ಮರುವರ್ಷದ ಲೋಕಸಭೆ ಪ್ರಚಾರದಲ್ಲಿ ಒಬ್ಬರು "ನಾವು ಘೋಷಿಸಿದೆವು" ಅಂದರೆ, ಇನ್ನೊಬ್ಬರು "ದುಡ್ಡೇ ಬಂದಿಲ್ಲ" ಅಂದರು. ಇಬ್ಬರ ಮಾತೂ ಕೇಳಿದ್ದಕ್ಕೇ ಘೋಷಣೆ ಬೇರೆ, ಹಣ ಬಿಡುಗಡೆ ಬೇರೆ ಅಂತ ನಮ್ಮ ಓಣಿ ಹೆಂಗಸರಿಗೂ ಗೊತ್ತಾಯಿತು. ಒಂದೇ ಪಕ್ಷದ ವಿಡಿಯೋ ನೋಡಿದ್ದರೆ ಇದು ತಿಳಿಯುತ್ತಿತ್ತಾ?

ಹರಿಹರದ ಹುಡುಗ: ದುಡ್ಡಿನ ಆಟವನ್ನು ಯಾರೂ ಹೇಳ್ತಿಲ್ಲ. ನಮ್ಮ ರಾಜ್ಯದಲ್ಲಿ ಒಬ್ಬ ಅಭ್ಯರ್ಥಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷದ ತನಕ ಖರ್ಚು ಮಾಡಬಹುದು. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ನಮ್ಮಮ್ಮನನ್ನು ಒಂದು ಸಮಾವೇಶಕ್ಕೆ ಟೆಂಪೋದಲ್ಲಿ ಕರೆದುಕೊಂಡು ಹೋದರು. ಊಟ, 300 ರೂಪಾಯಿ. ಯಾರು ಏನು ಮಾತಾಡಿದರು ಅಂದರೆ ಅಮ್ಮನಿಗೆ ಗೊತ್ತಿಲ್ಲ. ಇದರಲ್ಲಿ ಬಡವರ ಮನೆ ಹುಡುಗ ನಿಲ್ಲೋದು ಹೇಗೆ?

ನಿವೃತ್ತ ಮೇಷ್ಟ್ರು: ತಮ್ಮಾ, ದುಡ್ಡು ಹಂಚೋದು ಪ್ರಚಾರ ಅಲ್ಲ, ಅಪರಾಧ. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಹಾಕಿದರೆ 100 ನಿಮಿಷದೊಳಗೆ ಕ್ರಮ ಆಗಬೇಕು ಅಂತ ಇದೆ. ಇನ್ನು ಬಡವರ ಮನೆ ಹುಡುಗನ ವಿಷಯ. ಮೊಬೈಲ್ ಜಾಹೀರಾತಿಗೆ ದುಡ್ಡು ಬೇಕು, ಮನೆಮನೆ ತಿರುಗೋಕೆ ಚಪ್ಪಲಿ ಸಾಕು. ಬೀದಿ ಪ್ರಚಾರ ನಿಲ್ಲಿಸಿದರೆ ಮೊದಲು ಹೊಡೆತ ಬೀಳೋದೇ ಅವನಿಗೆ.

ಇನ್ನೊಂದು ಮಾತು. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅವಕ್ಕೆ ಚುನಾವಣೆ ಇಲ್ಲ, ಪ್ರಚಾರವೂ ಇಲ್ಲ. ಎಷ್ಟು ನೆಮ್ಮದಿ, ಅಲ್ವಾ? ಆ ವರ್ಷಗಳಲ್ಲಿ ನಿಮ್ಮೂರ ಶಾಲೆ ಚಾವಣಿ ಸೋರುತ್ತಾ ಅಂತ ಯಾರಾದರೂ ಬಂದು ಕೇಳಿದರಾ? ನಮ್ಮೂರಿಗಂತೂ ಯಾರೂ ಬರಲಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ನಿಟುವಳ್ಳಿ ಕಿರಾಣಿ: ಮೇಷ್ಟ್ರೇ, ಚಪ್ಪಲಿ ಮಾತು ಒಪ್ಪಿದೆ. ಮೈಕಿನ ವಿಷಯದಲ್ಲಿ ಮಾತ್ರ ನಾನು ಬದಲಾಗಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹಾಕಬಾರದು ಅಂತ ಈಗಲೇ ಇದೆ. ಹಗಲಲ್ಲೂ ಓಣಿ ಒಳಗೆ ಬೇಡ. ನಡೆದುಕೊಂಡು ಬರಲಿ, ಅಂಗಡಿ ಮುಂದೆ ಸ್ಟೂಲ್ ಹಾಕಿ ಕೂರಿಸ್ತೀನಿ, ಟೀ ಕೊಡ್ತೀನಿ. ನನಗೂ ಕೇಳೋದಿದೆ, ನಮ್ಮ ಓಣಿ ಚರಂಡಿ ಬಗ್ಗೆ.

ತಮ್ಮಾ, ಆ ಅಜ್ಜಿ ಈ ಸಲವೂ ಭತ್ತ ಹಾಕಿದ್ದಾರಾ?

ನಾಲೆ ಕೊನೆಭಾಗದ ರೈತ: ಇಲ್ಲ ಅಣ್ಣ. ಮೆಕ್ಕೆಜೋಳ ಹಾಕಿದ್ದಾರೆ. ನಾಲೆ ನಂಬೋಕೆ ಧೈರ್ಯ ಬರಲಿಲ್ಲವಂತೆ.